ಕಿವಿಯ ಮಷಿನ್ ಚೆನ್ನಾಗಿದೆ, ಅದರ ಮೈಕ್ ಕೈಕೊಟ್ಟಿದೆಯೇ?

ಮಗುವಿನ ಕಿವಿಯ ಮಷಿನ್‌ಗೆ ಪಾಠ ಕೇಳಿಸಲೆಂದು ಬೆಳಗ್ಗೆ ಟೀಚರ್ ಕಾಲರ್‌ಗೆ ಸಿಕ್ಕಿಸಿದ ವೈರ್‌ಲೆಸ್ ಮೈಕ್ ಮೂರನೇ ಪೀರಿಯಡ್ ಹೊತ್ತಿಗೆ ಆರಿಹೋಗುತ್ತದೆ. ಕೊಂಡ ಹೊಸದರಲ್ಲಿ ಅದು ಸಂಜೆ ಬೆಲ್ ಹೊಡೆಯುವವರೆಗೂ ನಡೆಯುತ್ತಿತ್ತು. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದರೂ ಅದೇ ಕಥೆ. ವಿಚಾರಿಸಿದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: ಆ ಮಾಡೆಲ್ ನಿಂತುಹೋಗಿದೆ, ಬ್ಯಾಟರಿ ಬಿಡಿಯಾಗಿ ಸಿಗುವುದಿಲ್ಲ, ಹೊಸ ಮೈಕನ್ನೇ ಕೊಳ್ಳಿ. ಹೊಸ ಮೈಕ್ ಎಂದರೆ ಹತ್ತಾರು ಸಾವಿರ ರೂಪಾಯಿ. ಒಳಗೆ ಕೆಟ್ಟಿರುವ ಸೆಲ್‌ನ ಬೆಲೆ ಕೆಲವು ನೂರು. ನಿಮ್ಮ ಮನೆಯಲ್ಲೂ ಇದೇ ಪರಿಸ್ಥಿತಿ ಇದ್ದರೆ, ಎಚ್ಚರದಿಂದ ಮಾಡಿದರೆ ಈ ಸೆಲ್ ಬದಲಿಸಬಹುದು. ಕೈ ಹಾಕಬಾರದ ಸಂದರ್ಭಗಳೂ ಇವೆ. ಅವನ್ನೂ ಇಲ್ಲಿ ಹೇಳುತ್ತೇನೆ.

ಫೋನಾಕ್‌ನ ರೋಜರ್, ಓಟಿಕಾನ್‌ನ ಕನೆಕ್ಟ್‌ಕ್ಲಿಪ್, ರೀಸೌಂಡ್‌ನ ಮಲ್ಟಿ ಮೈಕ್, ಕಾಕ್ಲಿಯರ್‌ನ ಮಿನಿ ಮೈಕ್ ಎಲ್ಲವೂ ಒಂದೇ ಕುಟುಂಬದವು. ಹಿಂದೆ ಶಾಲೆಗಳಲ್ಲಿ ಎಫ್‌ಎಂ ತರಂಗದ ದೊಡ್ಡ ಪೆಟ್ಟಿಗೆಗಳು ಮಾಡುತ್ತಿದ್ದ ಕೆಲಸವನ್ನು ಇವು 2.4 ಗಿಗಾಹರ್ಟ್ಸ್ ಡಿಜಿಟಲ್ ತರಂಗದಲ್ಲಿ ಮಾಡುತ್ತವೆ. ರೋಜರ್ ಮಾರುಕಟ್ಟೆಗೆ ಬಂದದ್ದು 2013ರಲ್ಲಿ. ಆ ಕಾಲದ ಮೈಕ್‌ಗಳ ಬ್ಯಾಟರಿ ಇಷ್ಟು ಹೊತ್ತಿಗೆ ಮುದಿಯಾಗಿರುವುದು ಸಹಜ.

ಮಷಿನ್ ಕಿವಿಯಲ್ಲೇ ಇರುವಾಗ ಇನ್ನೊಂದು ಮೈಕ್ ಏಕೆ ಎಂದು ಕೆಲವರು ಕೇಳುತ್ತಾರೆ. ದೂರ ಎರಡು ಪಟ್ಟಾದಾಗಲೆಲ್ಲ ಬಾಯಿಂದ ನೇರವಾಗಿ ಬರುವ ಧ್ವನಿ 6 ಡೆಸಿಬಲ್ ಇಳಿಯುತ್ತದೆ. ಟೀಚರ್ ಬಾಯಿಂದ 15 ಸೆಂಟಿಮೀಟರ್ ದೂರದಲ್ಲಿರುವ ಮೈಕ್‌ಗೆ ಸಿಗುವ ಧ್ವನಿ, 2.4 ಮೀಟರ್ ದೂರದ ಬೆಂಚಿನಲ್ಲಿ ಕೂತ ಮಗುವಿನ ಕಿವಿಗೆ ತಲುಪುವ ಹೊತ್ತಿಗೆ 24 ಡೆಸಿಬಲ್ ಕುಗ್ಗಿರುತ್ತದೆ. ಫ್ಯಾನಿನ ಸದ್ದು, ಪಕ್ಕದ ತರಗತಿಯ ಮಗ್ಗಿ, ಬೆಂಚು ಎಳೆಯುವ ಶಬ್ದ ಇವ್ಯಾವುವೂ ಕುಗ್ಗುವುದಿಲ್ಲ. ಕಿವಿಯ ಮಷಿನ್ ಎಲ್ಲವನ್ನೂ ಒಟ್ಟಿಗೆ ಹಿಗ್ಗಿಸಿ ಕೊಡುತ್ತದೆ. ಕಾಲರ್ ಮೈಕ್ ಟೀಚರ್ ಮಾತನ್ನಷ್ಟೇ ಹತ್ತಿರದಿಂದ ಹಿಡಿದು ಕಳುಹಿಸುತ್ತದೆ. ಅದು ನಿಂತ ಕ್ಷಣದಿಂದ ಮಗು ತುಟಿ ನೋಡಿ ಊಹಿಸಬೇಕು, ಟೀಚರ್ ಬೋರ್ಡಿನ ಕಡೆ ತಿರುಗಿದರೆ ಅದೂ ಇಲ್ಲ. ಎಷ್ಟೋ ಮಕ್ಕಳು ಇದನ್ನು ಯಾರಿಗೂ ಹೇಳದೆ ಸುಮ್ಮನೆ ಕೂತುಬಿಡುತ್ತಾರೆ. ಆದ್ದರಿಂದ ಮೈಕ್ ಎಷ್ಟು ಹೊತ್ತು ನಡೆಯುತ್ತಿದೆ ಎಂದು ದೊಡ್ಡವರೇ ಆಗಾಗ ಕೇಳಿ ತಿಳಿದುಕೊಳ್ಳಬೇಕು.

ಬ್ಯಾಟರಿ ಸೋಲುವುದೇಕೆ?

ಈ ಮೈಕ್‌ಗಳ ಒಳಗಿರುವುದು ಬೆಳ್ಳಿ ಬಣ್ಣದ ಪುಟ್ಟ ಪೊಟ್ಟಣದಂಥ ಲಿಥಿಯಂ ಪಾಲಿಮರ್ ಸೆಲ್. ಸಾಧಾರಣವಾಗಿ ಅದರ ಹೆಸರಿಗಿನ ವೋಲ್ಟೇಜ್ 3.7, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. 300ರಿಂದ 500 ಬಾರಿ ಪೂರ್ತಿ ತುಂಬಿ ಖಾಲಿಯಾಗುವ ಹೊತ್ತಿಗೆ ಅದರ ಸಾಮರ್ಥ್ಯ ಸುಮಾರು ಶೇಕಡ 80ಕ್ಕೆ ಇಳಿಯುತ್ತದೆ, ಆಮೇಲಿನ ಇಳಿತ ಇನ್ನೂ ಬೇಗ. ಶಾಲೆಗೆ ದಿನವೂ ಹೋಗುವ ಮೈಕ್‌ಗೆ ಎರಡು-ಮೂರು ವರ್ಷದಲ್ಲಿ ಅಷ್ಟು ಸುತ್ತು ಮುಗಿದಿರುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಇನ್ನೂ ಮೊದಲೇ.

ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ: ಬೇಸಿಗೆ ರಜೆ. ಏಪ್ರಿಲ್‌ನಲ್ಲಿ ಖಾಲಿ ಬ್ಯಾಟರಿಯೊಡನೆ ಬ್ಯಾಗಿನಲ್ಲೇ ಉಳಿದ ಮೈಕ್ ಶಾಲೆ ಮತ್ತೆ ಶುರುವಾಗುವವರೆಗೂ ಚೂರುಚೂರೇ ವಿದ್ಯುತ್ ಕಳೆದುಕೊಳ್ಳುತ್ತಿರುತ್ತದೆ. ಸೆಲ್ 2.5 ವೋಲ್ಟ್‌ಗಿಂತ ಕೆಳಗೆ ಹೋಗಿ ಹಾಗೇ ಉಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥ ಸೆಲ್‌ಗೆ ಬಲವಂತವಾಗಿ ಚಾರ್ಜ್ ಕೊಟ್ಟು ಎಬ್ಬಿಸುವುದು ಅಪಾಯ.

ತಪ್ಪು ಬ್ಯಾಟರಿಯದ್ದೇ ಹೌದೇ?

ಬಿಚ್ಚುವ ಮೊದಲು ಇದನ್ನು ಖಾತ್ರಿ ಮಾಡಿಕೊಳ್ಳಿ. ಬೇರೆ ಕೇಬಲ್, ಬೇರೆ ಅಡಾಪ್ಟರ್ ಹಾಕಿ ನೋಡಿ. ಚಾರ್ಜಿಂಗ್ ತೂತಿನೊಳಗೆ ಟಾರ್ಚ್ ಬಿಡಿ. ಜೇಬಿನ ನೂಲು, ದೂಳು ಗಟ್ಟಿಯಾಗಿ ಕೂತಿದ್ದರೆ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಆಮೇಲೆ ಲಕ್ಷಣ ನೋಡಿ. ಐದು-ಹತ್ತು ನಿಮಿಷದಲ್ಲೇ ಹಸಿರು ದೀಪ ಬಂದು, ಬಳಸಿದರೆ ಬೇಗ ಆರಿಹೋದರೆ ಅದು ಬ್ಯಾಟರಿಯ ಮುಪ್ಪು. ಕೇಬಲ್ ಸಿಕ್ಕಿಸಿದಾಗ ಮೈಕ್ ಸರಿಯಾಗಿ ಕೆಲಸ ಮಾಡಿ, ಕಿತ್ತ ಕೂಡಲೇ ಸತ್ತರೂ ಬ್ಯಾಟರಿಯೇ. ಆದರೆ ಕೆಲವು ಮೈಕ್‌ಗಳು ಚಾರ್ಜ್ ಆಗುವಾಗ ಕೆಲಸ ಮಾಡದಂತೆಯೇ ತಯಾರಾಗಿರುತ್ತವೆ, ಕೈಪಿಡಿ ನೋಡಿಕೊಳ್ಳಿ. ಬ್ಯಾಟರಿ ನಿಲ್ಲುತ್ತದೆ ಆದರೆ ಮಾತು ತುಂಡುತುಂಡಾಗಿ ಕೇಳುತ್ತದೆ ಎಂದಾದರೆ ಸಮಸ್ಯೆ ಪೇರಿಂಗ್‌ನಲ್ಲೋ ಆ್ಯಂಟೆನಾದಲ್ಲೋ ಇರಬಹುದು. ಅದಕ್ಕೆ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ.

ಕೈ ಹಾಕಬಾರದ ಸಂದರ್ಭಗಳು

ವಾರಂಟಿ ಇನ್ನೂ ಉಳಿದಿದ್ದರೆ ಬಿಚ್ಚಬೇಡಿ. ಮೈಕ್‌ನ ಕವಚ ಉಬ್ಬಿ ಸಂದು ಬಿರಿದಿದ್ದರೆ, ಸಿಹಿಯಾದ ದ್ರಾವಕದಂಥ ವಾಸನೆ ಬರುತ್ತಿದ್ದರೆ, ಚಾರ್ಜ್ ಮಾಡಲೂ ಬೇಡಿ, ಒತ್ತಿ ಮುಚ್ಚಲೂ ಬೇಡಿ. ಮರಳು ತುಂಬಿದ ಮಡಕೆಯಲ್ಲಿಟ್ಟು ಮನೆಯ ಹೊರಗೆ ನೆರಳಿನಲ್ಲಿಡಿ, ಅನುಭವಿ ರಿಪೇರಿಯವರಿಗೆ ತೋರಿಸಿ. ಇಲ್ಲಿ ಹೇಳುತ್ತಿರುವುದು ಬಿಡಿ ಮೈಕ್‌ನ ವಿಷಯ ಮಾತ್ರ. ಕಿವಿಯೊಳಗಿನ ಮಷಿನ್, ಕಾಕ್ಲಿಯರ್ ಇಂಪ್ಲಾಂಟ್‌ನ ಪ್ರೊಸೆಸರ್ ಇವುಗಳನ್ನು ಮನೆಯಲ್ಲಿ ತೆರೆಯುವ ಮಾತೇ ಬೇಡ.

ಸಣ್ಣ ಬೆಸುಗೆ ಹಾಕಿ ಅಭ್ಯಾಸವಿಲ್ಲದಿದ್ದರೆ ಮೊಬೈಲ್ ರಿಪೇರಿ ಮಾಡುವ ನಂಬಿಕೆಯ ಅಂಗಡಿಗೆ ಹೋಗಿ. ಬ್ಲೂಟೂತ್ ಇಯರ್‌ಬಡ್‌ಗಳ ಸೆಲ್ ಬದಲಿಸುವವರಿಗೆ ಈ ಕೆಲಸ ಹೊಸದಲ್ಲ. ಆದರೆ ಮುಂದೆ ಹೇಳುವ ಮೈಕ್ ರಂಧ್ರದ ವಿಷಯ ಅವರಿಗೂ ಬಿಡಿಸಿ ಹೇಳಿ.

ಸರಿಯಾದ ಸೆಲ್ ಆರಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಯೋಚಿಸಬೇಕಾದ ಭಾಗ ಇದೇ. ಸೆಲ್ ಕೊಳ್ಳುವ ಮೊದಲೇ, ಮುಂದೆ ಹೇಳುವ ಕ್ರಮದಲ್ಲಿ ಮೈಕ್ ಬಿಚ್ಚಿ, ಹಳೆಯದರ ಮೇಲಿನ ಬರಹ ಓದಿಕೊಳ್ಳಿ. ಮಾಡೆಲ್ ಹೆಸರು ನೋಡಿ ಅಂದಾಜಿನಲ್ಲಿ ತರಿಸಿದ ಸೆಲ್ ಕೂರದೇ ಹೋಗುವುದೇ ಹೆಚ್ಚು.

ಸೆಲ್ ಮೇಲೆ ಆರಂಕಿಯ ಸಂಖ್ಯೆ ಇರುತ್ತದೆ. ಉದಾಹರಣೆಗೆ 501230. ಮೊದಲ ಎರಡಂಕಿ ದಪ್ಪ, ಅಂದರೆ 5.0 ಮಿಲಿಮೀಟರ್. ನಡುವಿನದು ಅಗಲ, 12 ಮಿಲಿಮೀಟರ್. ಕೊನೆಯದು ಉದ್ದ, 30 ಮಿಲಿಮೀಟರ್. ಅಗಲ, ಉದ್ದ ಚೂರು ಕಡಿಮೆಯಾದರೆ ತೊಂದರೆಯಿಲ್ಲ. ದಪ್ಪ ಮಾತ್ರ ಹಳೆಯದಕ್ಕಿಂತ ಒಂದಿಷ್ಟೂ ಹೆಚ್ಚಿರಕೂಡದು. ವಯಸ್ಸಾದಂತೆ ಈ ಸೆಲ್‌ಗಳು ಸ್ವಲ್ಪ ದಪ್ಪವಾಗುತ್ತವೆ, ಆ ಜಾಗವನ್ನು ತಯಾರಕರು ಲೆಕ್ಕ ಹಾಕಿ ಬಿಟ್ಟಿರುತ್ತಾರೆ. ಹಳೆಯದು ಊದಿದ್ದರೆ ಅದನ್ನು ಅಳೆದು ಮೋಸ ಹೋಗಬೇಡಿ, ಅಚ್ಚಾದ ಸಂಖ್ಯೆಯನ್ನೇ ನಂಬಿ.

ಮುಂದೆ ಸಾಮರ್ಥ್ಯ. ಮೈಕ್‌ನ ಚಾರ್ಜಿಂಗ್ ಸರ್ಕ್ಯೂಟು ಹಳೆಯ ಸೆಲ್‌ಗೆ ತಕ್ಕಷ್ಟು ಕರೆಂಟನ್ನು ತಳ್ಳುವಂತೆ ರಚನೆಯಾಗಿದೆ. 120 ಎಂಎಎಚ್ ಇದ್ದ ಜಾಗಕ್ಕೆ 60ರದ್ದನ್ನು ಹಾಕಿದರೆ ಅದೇ ಕರೆಂಟು ಹೊಸ ಸೆಲ್‌ಗೆ ಎರಡು ಪಟ್ಟು ಹೊರೆಯಾಗುತ್ತದೆ, ಬಿಸಿಯಾಗುತ್ತದೆ. ಹಳೆಯದಕ್ಕೆ ಸಮನಾದದ್ದೋ ತುಸು ಹೆಚ್ಚಿನದೋ ಇರಲಿ. ಹಾಗೆಂದು ಕಂಡದ್ದನ್ನೆಲ್ಲ ನಂಬಬೇಡಿ. 501230 ಅಳತೆಯ ಸೆಲ್‌ನಲ್ಲಿ 120ರಿಂದ 150 ಎಂಎಎಚ್ ಹಿಡಿಸುತ್ತದೆ. ಅದೇ ಗಾತ್ರದ್ದಕ್ಕೆ 400 ಎಂದು ಬರೆದಿದ್ದರೆ ಆ ಅಂಗಡಿಯನ್ನೇ ಬಿಡಿ.

ವೋಲ್ಟೇಜ್ ಅಂತೂ ಹುಷಾರಾಗಿ ನೋಡಿ. ಹಳೆಯದರ ಮೇಲೆ 3.8 ಅಥವಾ 3.85 ವೋಲ್ಟ್ ಎಂದಿದ್ದರೆ ಅದು 4.35 ಅಥವಾ 4.4 ವೋಲ್ಟ್‌ವರೆಗೆ ಚಾರ್ಜ್ ಆಗುವ ಜಾತಿ. ಅಲ್ಲಿಗೆ 3.7ರ ಸಾಮಾನ್ಯ ಸೆಲ್ ಹಾಕಿದರೆ ಪ್ರತಿ ರಾತ್ರಿ ಮಿತಿಮೀರಿ ಚಾರ್ಜ್ ಆಗುತ್ತದೆ. ಊದುವುದಕ್ಕೂ ಬೆಂಕಿಗೂ ಇದು ನೇರ ದಾರಿ.

ಸೆಲ್‌ನ ತಲೆಯ ಬಳಿ ಹಳದಿ ಟೇಪಿನಡಿ ಕಿರುಬೆರಳ ಉಗುರಿನಷ್ಟು ಪುಟ್ಟ ಬೋರ್ಡ್ ಇರಬೇಕು. ಮಿತಿಮೀರಿದ ಚಾರ್ಜ್, ಮಿತಿಮೀರಿ ಖಾಲಿಯಾಗುವುದು, ಶಾರ್ಟ್ ಈ ಮೂರನ್ನೂ ತಡೆಯುವುದು ಅದೇ. ಆ ಬೋರ್ಡ್ ಇಲ್ಲದ ಬರಿಯ ಸೆಲ್ ಬೇಡವೇ ಬೇಡ. ಹಳೆಯದಕ್ಕೆ ಮೂರು ವೈರ್ ಇದ್ದರೆ ಮೂರನೆಯದು ಸಾಮಾನ್ಯವಾಗಿ ಸೆಲ್‌ನ ಬಿಸಿಯನ್ನು ಅಳೆಯುವ ಥರ್ಮಿಸ್ಟರ್‌ನದು, ಹೆಚ್ಚಾಗಿ 10 ಕಿಲೋ ಓಮ್. ಹೊಸದೂ ಮೂರು ವೈರಿನದೇ ಆಗಿರಲಿ. ಅದರ ಬದಲು ಮಾಮೂಲಿ ರೆಸಿಸ್ಟರ್ ಕೂರಿಸಿ ಮೈಕ್‌ನ ಕಣ್ಣಿಗೆ ಮಣ್ಣೆರಚುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಮಗುವಿನ ಜೇಬಿನಲ್ಲೋ ಟೀಚರ್ ಕುತ್ತಿಗೆಯ ಬಳಿಯೋ ಇರುವ ಸಾಧನಕ್ಕೆ ಅದು ಖಂಡಿತ ಕೂಡದು.

ಬೆಂಗಳೂರಿನವರಿಗೆ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇಂಥ ಸೆಲ್ ಹುಡುಕಬಹುದು. ಮಲ್ಟಿಮೀಟರ್ ಜೊತೆಗೊಯ್ಯಿರಿ. ಹೊಸ ಸೆಲ್ 3.7ರಿಂದ 3.9 ವೋಲ್ಟ್ ನಡುವೆ ತೋರಿಸಬೇಕು. 3ಕ್ಕಿಂತ ಕಡಿಮೆ ತೋರಿಸಿದರೆ ಅದು ಕಪಾಟಿನಲ್ಲಿ ಕೊಳೆತ ಮಾಲು, ವಾಪಸ್ ಕೊಡಿ.

ಬದಲಿಸುವ ಕ್ರಮ

1. ಮೈಕ್ ಆನ್ ಮಾಡಿಟ್ಟು ತಾನಾಗಿ ಆರುವವರೆಗೆ ಬಿಡಿ. ಖಾಲಿ ಸೆಲ್‌ನಲ್ಲಿ ಶಕ್ತಿ ಕಡಿಮೆ, ಅಕಸ್ಮಾತ್ ಗಾಯವಾದರೂ ಅನಾಹುತ ಚಿಕ್ಕದು.

2. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ. ಬಳೆ, ಉಂಗುರ, ವಾಚು ಬಿಚ್ಚಿಡಿ. ಮೇಜಿನ ಬಳಿ ಮಕ್ಕಳು ಬೇಡ.

3. ಸ್ಕ್ರೂ ಹುಡುಕಿ. ಕ್ಲಿಪ್ಪಿನ ಅಡಿ, ರಬ್ಬರಿನ ಅಡಿ, ಸೀರಿಯಲ್ ನಂಬರ್ ಇರುವ ಚೀಟಿಯ ಅಡಿ ಅವು ಅಡಗಿರುತ್ತವೆ. ಸ್ಕ್ರೂ ಇಲ್ಲದಿದ್ದರೆ ಕವಚದ ಎರಡು ಹೋಳು ಕೊಕ್ಕೆಯಿಂದಲೋ ಅಂಟಿನಿಂದಲೋ ಕೂಡಿರುತ್ತವೆ. ಹಳೆಯ ಸಿಮ್ ಕಾರ್ಡಿನ ಪ್ಲಾಸ್ಟಿಕ್ ಚೌಕಟ್ಟು ಅಥವಾ ಗಿಟಾರ್ ಮೀಟುವ ಬಿಲ್ಲೆಯನ್ನು ಸಂದಿಗೆ ತೂರಿಸಿ, ಎರಡು ಮಿಲಿಮೀಟರ್‌ಗಿಂತ ಆಳಕ್ಕೆ ಹೋಗದೆ ಸುತ್ತಲೂ ಸರಿಸಿ. ಚಾಕು, ಬ್ಲೇಡು ಬೇಡ, ಸಂದಿಯ ಹಿಂದೆಯೇ ಸೆಲ್ ಇರಬಹುದು. ಹೇರ್‌ಡ್ರೈಯರ್‌ನಿಂದ ಅಂಟು ಮೆತ್ತಗೆ ಮಾಡುವ ಆಸೆಯೂ ಬೇಡ. 60 ಡಿಗ್ರಿ ದಾಟಿದ ಬಿಸಿ ಲಿಥಿಯಂ ಸೆಲ್‌ಗೆ ಆಗಿಬರುವುದಿಲ್ಲ. ಸಂದೇ ಕಾಣದಂತೆ ಬೆಸೆದ ಕವಚವಾದರೆ ಇಲ್ಲಿಗೇ ನಿಲ್ಲಿಸಿ.

4. ಹೋಳುಗಳನ್ನು ಒಮ್ಮೆಗೇ ಎಳೆಯದೆ ಚೂರೇ ತೆರೆದು ಇಣುಕಿ. ಕಾಗದದಂಥ ರಿಬ್ಬನ್ ಕೇಬಲ್ ಎರಡನ್ನೂ ಜೋಡಿಸಿರಬಹುದು, ಹರಿದರೆ ಮತ್ತೆ ಕೂಡಿಸಲಾಗದು. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ವೈರ್ ಯಾವ ದಾರಿಯಲ್ಲಿ ಬಳಸಿ ಹೋಗಿದೆ ಎಂಬುದೂ ಫೋಟೋದಲ್ಲಿ ಬರಲಿ.

5. ಮುಂದಕ್ಕೆ ಹೋಗುವ ಮೊದಲು ಧ್ವನಿ ಹಿಡಿಯುವ ಮೈಕ್ ಬಿಡಿಭಾಗ ಇರುವ ಜಾಗ ಗುರುತಿಸಿ. ಬೋರ್ಡಿನ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ತೂತಿರುವ ಲೋಹದ ಪುಟ್ಟ ಡಬ್ಬಿ ಕಾಣುತ್ತದೆ, ಅಥವಾ ಬೋರ್ಡಿನಲ್ಲೇ ತೂತು ಕೊರೆದಿರುತ್ತದೆ. ಆ ತೂತಿನ ಹಿಂದೆ ಸಿಲಿಕಾನ್‌ನ ಅತಿ ತೆಳುವಾದ ಪೊರೆ ಇದೆ. ದೂಳು ಹಾರಿಸಲೆಂದು ಅದಕ್ಕೆ ಬಾಯಿಂದ ಊದಿದರೂ ಸಾಕು, ಹಾಳಾಗಬಹುದು. ಗಾಳಿಯ ಕ್ಯಾನು, ಸ್ಪಿರಿಟ್ಟು, ಬೆಸುಗೆಯ ಫ್ಲಕ್ಸ್ ಯಾವುದೂ ಅದರ ಹತ್ತಿರ ಸುಳಿಯಬಾರದು. ತೂತಿನ ಮೇಲೆ ಬಿಸಿ ತಡೆಯುವ ಹಳದಿ ಕ್ಯಾಪ್ಟಾನ್ ಟೇಪಿನ ತುಣುಕು ಹಚ್ಚಿಬಿಡಿ. ತೂತಿಗೂ ಕವಚಕ್ಕೂ ನಡುವೆ ಕರಿ ರಬ್ಬರಿನ ಉಂಗುರವೋ ತೆಳು ಜಾಲರಿಯೋ ಇರುತ್ತದೆ. ಅದು ಯಾವ ಹೋಳಿಗೆ ಅಂಟಿಕೊಂಡು ಬಂತು ಎಂದು ನೋಡಿಟ್ಟುಕೊಳ್ಳಿ. ಇಂಥ ಸಾಧನಗಳಲ್ಲಿ ಎರಡೋ ಹೆಚ್ಚೋ ಮೈಕ್ ಇರುವುದುಂಟು. ಅವುಗಳಿಗೆ ಧ್ವನಿ ತಲುಪುವ ಸಮಯದ ಅತಿ ಸಣ್ಣ ವ್ಯತ್ಯಾಸದಿಂದಲೇ ಮಾತು ಯಾವ ಕಡೆಯದೆಂದು ಸಾಧನ ತಿಳಿಯುತ್ತದೆ. ಒಂದು ಉಂಗುರ ವಾರೆಯಾಗಿ ಕೂತರೂ ಆ ಲೆಕ್ಕ ತಪ್ಪಿ, ಫ್ಯಾನಿನ ಸದ್ದೂ ಮಾತೂ ಒಂದೇ ಸಮ ಬರತೊಡಗುತ್ತದೆ.

6. ಸೆಲ್ ಪ್ಲಗ್ಗಿನಿಂದ ಕೂಡಿದ್ದರೆ ವೈರ್ ಎಳೆಯದೆ, ಪ್ಲಗ್ಗನ್ನೇ ಪ್ಲಾಸ್ಟಿಕ್ ಕಡ್ಡಿಯಿಂದ ಎಬ್ಬಿಸಿ. ಬೆಸುಗೆ ಹಾಕಿದ್ದರೆ ಒಂದು ಸಲಕ್ಕೆ ಒಂದೇ ವೈರ್ ಬಿಡಿಸಿ, ಅದರ ತುದಿಗೆ ಟೇಪು ಸುತ್ತಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಎರಡೂ ವೈರನ್ನು ಒಟ್ಟಿಗೆ ಕತ್ತರಿಸಿದರೆ ಕತ್ತರಿಯೇ ಶಾರ್ಟ್ ಮಾಡುತ್ತದೆ.

7. ಸೆಲ್‌ನ ಅಡಿ ಇಬ್ಬದಿ ಟೇಪ್ ಇರುತ್ತದೆ. ಹಲ್ಲು ಸಂದಿಯ ಫ್ಲಾಸ್ ಅಥವಾ ಗಾಳದ ನೈಲಾನ್ ದಾರವನ್ನು ಸೆಲ್ ಅಡಿಗೆ ತೂರಿಸಿ, ಗರಗಸದ ಹಾಗೆ ಅತ್ತಿತ್ತ ಎಳೆಯುತ್ತ ಬನ್ನಿ. ಸೆಲ್ ಬಾಗಿಸದೆ ಬಿಡಿಸಲು ಇಷ್ಟು ಒಳ್ಳೆಯ ಉಪಾಯ ಬೇರೊಂದಿಲ್ಲ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಪೊಟ್ಟಣ ತೂತಾಗುತ್ತದೆ.

8. ಹೊಸ ಸೆಲ್‌ನ ಧನ, ಋಣ ಯಾವುದೆಂದು ಮಲ್ಟಿಮೀಟರ್‌ನಿಂದ ನೋಡಿ, ಬೋರ್ಡಿನ ಮೇಲಿನ ಗುರುತಿಗೂ ನಿಮ್ಮ ಫೋಟೋಗೂ ತಾಳೆ ಹಾಕಿ. ಪ್ಲಗ್ ಅದೇ ಆಕಾರದ್ದೆಂದು ಕಣ್ಣುಮುಚ್ಚಿ ಸಿಕ್ಕಿಸಬೇಡಿ. ಒಂದೇ ಬಗೆಯ ಪ್ಲಗ್‌ನಲ್ಲಿ ಒಬ್ಬ ತಯಾರಕ ಕೆಂಪನ್ನು ಎಡಕ್ಕೆ ಇಟ್ಟರೆ ಇನ್ನೊಬ್ಬ ಬಲಕ್ಕೆ ಇಟ್ಟಿರುತ್ತಾನೆ. ತಿರುಗುಮುರುಗಾದರೆ ಬೋರ್ಡ್ ಸುಟ್ಟುಹೋಗುವುದಕ್ಕೆ ಒಂದು ಕ್ಷಣ ಸಾಕು.

9. ಬೆಸುಗೆಯನ್ನು ವೈರಿನ ತುದಿಗೂ ಬೋರ್ಡಿಗೂ ಹಾಕಿ, ಎರಡು-ಮೂರು ಸೆಕೆಂಡಿನಲ್ಲಿ ಮುಗಿಸಿ. ಸೆಲ್‌ನ ಲೋಹದ ನಾಲಿಗೆಗೆ ಕಾವು ಕೊಡಬೇಡಿ. ವೈರ್ ಉದ್ದವಿದ್ದರೆ ಸುರುಳಿ ಸುತ್ತಿ ಆ್ಯಂಟೆನಾ ಮೇಲೆ ತುರುಕಬೇಡಿ. ಸೆಲ್‌ನ ಹೊದಿಕೆಯಲ್ಲಿ ಅಲ್ಯೂಮಿನಿಯಂ ಇದೆ, ಅದೂ ವೈರೂ ಆ್ಯಂಟೆನಾಕ್ಕೆ ಅಡ್ಡ ಬಂದರೆ ಮೈಕ್ ದೂರಕ್ಕೆ ಕೇಳಿಸದು. ಹಳೆಯದಿದ್ದ ಜಾಗದಲ್ಲೇ ಹೊಸದು ಕೂರಲಿ.

10. ಮುಚ್ಚುವ ಮೊದಲು ಪರೀಕ್ಷಿಸಿ. ಮೈಕ್ ಆನ್ ಆಗದಿದ್ದರೆ ಗಾಬರಿಯಾಗಬೇಡಿ. ಎಷ್ಟೋ ಸೆಲ್‌ಗಳ ರಕ್ಷಣಾ ಬೋರ್ಡ್ ಒಮ್ಮೆ ಚಾರ್ಜರ್ ಸಿಕ್ಕಿಸಿದ ಮೇಲೆಯೇ ಎಚ್ಚರಗೊಳ್ಳುತ್ತದೆ. ಮೊದಲ ಚಾರ್ಜನ್ನು ಟೈಲ್ಸ್ ನೆಲದ ಮೇಲಿಟ್ಟು, ಕೊನೆಯವರೆಗೂ ಪಕ್ಕದಲ್ಲೇ ಇದ್ದು ನೋಡಿ. ತುಸು ಬೆಚ್ಚಗಾಗುವುದು ಸರಿ. ಬೆರಳಿಗೆ ಬಿಸಿ ತಾಗಿದರೆ ಕೇಬಲ್ ಕಿತ್ತುಬಿಡಿ. ದೀಪ ಹಸಿರಾದಾಗ 3.7ರ ಸೆಲ್ 4.2 ವೋಲ್ಟ್ ಆಸುಪಾಸಿನಲ್ಲಿ ನಿಂತಿರಬೇಕು.

11. ಮೈಕ್ ತೂತಿನ ಟೇಪ್ ತೆಗೆಯಿರಿ. ಇದನ್ನು ಮರೆತು ಮುಚ್ಚಿದರೆ ಮತ್ತೆ ಮೊದಲಿನಿಂದ ಬಿಚ್ಚಬೇಕು. ಕವಚಕ್ಕೆ ಅಂಟು ಬೇಕಿದ್ದರೆ ಮೊಬೈಲ್ ಅಂಗಡಿಯವರು ಬಳಸುವ ಬಿ-7000 ಅನ್ನು ಕೂದಲೆಳೆಯಷ್ಟು ಹಚ್ಚಿ, ರಬ್ಬರ್ ಬ್ಯಾಂಡ್ ಹಾಕಿ ಒಂದು ರಾತ್ರಿ ಬಿಡಿ.

ಹೆಚ್ಚಾಗಿ ಆಗುವ ತಪ್ಪುಗಳು

ಮೊದಲನೆಯದು ಫೆವಿಕ್ವಿಕ್. ಮನೆಯಲ್ಲಿ ಸುಲಭವಾಗಿ ಸಿಗುತ್ತದೆ, ಬೇಗ ಒಣಗುತ್ತದೆ. ಆದರೆ ಆ ಜಾತಿಯ ಅಂಟು ಒಣಗುವಾಗ ಆವಿ ಬಿಡುತ್ತದೆ, ಆ ಆವಿ ಹತ್ತಿರದ ವಸ್ತುಗಳ ಮೇಲೆ ಬಿಳಿಯ ಪುಡಿಯಾಗಿ ಕೂರುತ್ತದೆ. ಮುಚ್ಚಿದ ಕವಚದೊಳಗೆ ಅದು ಮೈಕ್‌ನ ಪೊರೆಯ ಮೇಲೂ ಕೂತರೆ ಹೊಸ ಬ್ಯಾಟರಿ ಇದ್ದೂ ಧ್ವನಿ ಮಂಕಾಗುತ್ತದೆ.

ಎರಡನೆಯದು, ಸೆಲ್ ಕೂರದಿದ್ದಾಗ ಕವಚ ಒತ್ತಿ ಮುಚ್ಚುವುದು. ಒತ್ತಡದಲ್ಲಿರುವ ಲಿಥಿಯಂ ಸೆಲ್ ಇಂದು ಸುಮ್ಮನಿದ್ದು ತಿಂಗಳುಗಳ ಮೇಲೆ ಶಾರ್ಟ್ ಆಗಬಹುದು. ಹಾಗೆಯೇ, ಒಮ್ಮೆ ತೆರೆದ ಮೈಕ್‌ನ ನೀರು ತಡೆಯುವ ಗುಣ ಹೋಯಿತೆಂದೇ ತಿಳಿಯಿರಿ. ಮಂಗಳೂರು, ಮಡಿಕೇರಿ ಕಡೆಯ ಮಳೆಗಾಲದಲ್ಲಿ ರಾತ್ರಿ ಹೊತ್ತು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ಬ್ಯಾಟರಿ ಬದಲಾದ ಮೇಲೆ ಪೇರಿಂಗ್ ಮತ್ತೆ ಮಾಡಬೇಕೇ? ಸಾಮಾನ್ಯವಾಗಿ ಬೇಡ, ಆ ಮಾಹಿತಿ ವಿದ್ಯುತ್ ಇಲ್ಲದಿದ್ದರೂ ಅಳಿಯದ ಮೆಮೊರಿಯಲ್ಲಿರುತ್ತದೆ. ನಿಜವಾಗಿ ಬೇಕಾದ ಪರೀಕ್ಷೆ ಕಿವಿಯದು. ಮಗು ಮಷಿನ್ ಹಾಕಿಕೊಂಡು ಇನ್ನೊಂದು ಕೋಣೆಯಲ್ಲಿ ಕೂರಲಿ. ನೀವು ಮೈಕ್ ಸಿಕ್ಕಿಸಿಕೊಂಡು ಪಾಠವೊಂದನ್ನು ಓದಿ. ಮೊದಲು ಫ್ಯಾನ್ ಇಲ್ಲದೆ, ಆಮೇಲೆ ಫ್ಯಾನ್ ಹಾಕಿ, ಆಮೇಲೆ ಬೆನ್ನು ತಿರುಗಿಸಿ. ಮೊದಲಿನಂತಿದೆಯೇ ಎಂದು ಮಗುವೇ ಹೇಳಲಿ, ಅದರ ಮಾತೇ ಅಂತಿಮ. ಅನುಮಾನ ಉಳಿದರೆ ನಿಮ್ಮ ಆಡಿಯಾಲಜಿಸ್ಟ್ ಬಳಿಗೆ ಹೋಗಿ. ಮೈಕ್ ಮತ್ತು ಮಷಿನ್ ಜೊತೆಗೂಡಿ ಕೊಡುವ ಧ್ವನಿಯ ಮಟ್ಟವನ್ನು ಯಂತ್ರದಲ್ಲಿ ಅಳೆದು ನೋಡುವ ವ್ಯವಸ್ಥೆ ಅವರ ವೃತ್ತಿಯಲ್ಲಿದೆ. ಮೈಸೂರು ಸುತ್ತಮುತ್ತಲಿನವರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಬಹುದು.

ಇಷ್ಟೆಲ್ಲ ಸರ್ಕಸ್ ಮಾಡದೆ ಬ್ಯಾಟರಿ ಬದಲಿಸುವಂತೆ ಈ ಸಾಧನಗಳನ್ನು ತಯಾರಿಸುವುದೇ ನ್ಯಾಯ. ಕೆಲವೇ ವಿನಾಯಿತಿಗಳನ್ನು ಬಿಟ್ಟು, ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಬೇಕೆಂಬ ಯುರೋಪಿಯನ್ ಒಕ್ಕೂಟದ ಕಾನೂನು 2027ರ ಫೆಬ್ರವರಿಯಿಂದ ಅನ್ವಯವಾಗುತ್ತದೆ. ಅಂಥ ನಿಯಮ ನಮ್ಮಲ್ಲೂ ಬರಬೇಕು. ಅದರ ಅಗತ್ಯ ಕಿವಿ ಕೇಳದ ಮಕ್ಕಳ ಮನೆಗಳಿಗೆ ಇರುವಷ್ಟು ಇನ್ನಾರಿಗೂ ಇಲ್ಲ.

ಹಳೆಯ ಸೆಲ್ ಕಸದ ಬುಟ್ಟಿಗೆ ಹೋಗಬಾರದು. ಕಸದ ಲಾರಿಯಲ್ಲಿ ಜಜ್ಜಿದರೆ ಹೊತ್ತಿಕೊಳ್ಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರವೂ ಅದನ್ನು ಬೇರೆಯಾಗಿಯೇ ಕೊಡಬೇಕು. ವೈರಿನ ತುದಿಗಳಿಗೆ ಒಂದೊಂದಾಗಿ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಕೆಲಸದ ನಡುವೆ ಸೆಲ್‌ನಿಂದ ಹೊಗೆ ಬಂದರೆ ಅದನ್ನು ಮುಟ್ಟದೆ ಮರಳು ಸುರಿದು, ಕಿಟಕಿ ಬಾಗಿಲು ತೆರೆದು ಹೊರಗೆ ಹೋಗಿ. ಆ ಹೊಗೆ ವಿಷಕಾರಿ.

ಹೊಸ ಸೆಲ್ ಹೆಚ್ಚು ದಿನ ಬಾಳಬೇಕಾದರೆ ಹಸಿರು ದೀಪ ಬಂದ ಮೇಲೆ ಕೇಬಲ್ ತೆಗೆಯಿರಿ, ತಲೆದಿಂಬಿನ ಮೇಲೆ ಚಾರ್ಜಿಗೆ ಇಡಬೇಡಿ. ರಜೆ ಶುರುವಾದ ದಿನ ಅರ್ಧದಷ್ಟು ಚಾರ್ಜ್ ಮಾಡಿ, ಪೂರ್ತಿ ಆಫ್ ಮಾಡಿ, ತಂಪಾದ ಒಣ ಜಾಗದಲ್ಲಿಡಿ. ಮೇ ತಿಂಗಳ ಮೊದಲ ವಾರ ಒಮ್ಮೆ ತೆಗೆದು ಮತ್ತೆ ಅರ್ಧಕ್ಕೆ ತನ್ನಿ.